ಬಾವಲಿ ತೋಪಿನ ಪಟ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತೆರಡು ವರ್ಷ. ಶಿಡ್ಲಘಟ್ಟದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಮನೆ ಚಿಂತಾಮಣಿಯಲ್ಲಿ. ಬೆಳಿಗ್ಗೆ ಪುಟ್ಟ ರೈಲಿನಲ್ಲಿ ಬಂದು ಸಂಜೆ ಅದರಲ್ಲೇ ವಾಪಸು ಹೋಗುತ್ತಿದ್ದೆ. ಗಾರ್ಡು ನಮ್ಮ ತಂದೆಗೆ ಪರಿಚಯದವರು. ನಾನು ತಡವಾಗಿ ಸ್ಟೇಷನ್ ದಾರಿಯಲ್ಲಿ ಓಡಿಬರುವುದು ಕಂಡರೆ ಹಸಿರು ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು ಆಕಾಶ ನೋಡುತ್ತ ನಿಂತುಬಿಡುತ್ತಿದ್ದರು. ಯಾರೂ ಅವಸರ ಮಾಡುತ್ತಿರಲಿಲ್ಲ.

ಒಂದು ದಿನ ಹೆಡ್‌ಮಿಸ್ ನನ್ನನ್ನು ಕರೆದು ತಮ್ಮ ಮೇಜಿನ ಪಕ್ಕದಲ್ಲಿದ್ದ ಮರದ ಪೆಟ್ಟಿಗೆ ತೋರಿಸಿದರು. ತಗಡಿನ ಪಟ್ಟಿ ಹೊಡೆದ, ಇಬ್ಬರು ಹಿಡಿದರೆ ಮಾತ್ರ ಏಳುವ ಪೆಟ್ಟಿಗೆ. ಬೆಂಗಳೂರಿಂದ ಬಂದಿತ್ತು. ಒಳಗೆ ದಪ್ಪ ರಟ್ಟಿನ ಮೇಲೆ ಅಂಟಿಸಿದ ದೊಡ್ಡ ದೊಡ್ಡ ಚಿತ್ರಗಳು. ನಮ್ಮ ದೇಶದ್ದಷ್ಟೇ ಅಲ್ಲ, ಸುತ್ತಲಿನ ದೇಶಗಳದ್ದೂ ಇದ್ದವು: ಸಿಲೋನ್, ಬರ್ಮಾ, ಸಯಾಂ, ಕಾಂಬೋಡಿಯಾ, ಜಾವಾ, ನೇಪಾಳ. ಆಯಾ ದೇಶ ಕಾಪಾಡಿಕೊಂಡು ಬಂದಿರುವ ಕಾಡುಗಳು, ಹಳೇ ಗುಡಿಗಳು, ಬೆಟ್ಟಗಳು, ಪ್ರಾಣಿಗಳು.

‘ನಾಲ್ಕು ತಾಲ್ಲೂಕಿನ ಸ್ಕೂಲುಗಳಿಗೆ ತಗೊಂಡೋಗಿ ತೋರಿಸ್ಬೇಕಂತೆ. ಚಿಕ್ಕಬಳ್ಳಾಪುರದಲ್ಲಿ ಕೊನೇದು. ಬೇರೆ ಯಾರೂ ಒಪ್ತಾ ಇಲ್ಲ. ನಿನಗೆ ಮಕ್ಕಳಿಲ್ಲ, ಮರಿ ಇಲ್ಲ, ತೆಲುಗೂ ಬರುತ್ತೆ. ಹೋಗಿ ಬಾರಮ್ಮ’ ಅಂದರು.

ಪೆಟ್ಟಿಗೆ ಹೊರಲು ವಿದ್ಯಾ ಇಲಾಖೆಯ ಕಚೇರಿಯಿಂದ ಜವಾನರೊಬ್ಬರನ್ನು ಕೊಟ್ಟರು. ಶಿಡ್ಲಘಟ್ಟದ ಮುಸಲ್ಮಾನರು. ನಿವೃತ್ತಿಗೆ ಕೆಲವೇ ತಿಂಗಳು ಬಾಕಿ. ನೆರೆತ ಗಡ್ಡ, ಇಸ್ತ್ರಿ ಮಾಡಿದ ಖಾಕಿ, ಬಲಗಾಲು ಸ್ವಲ್ಪ ಎಳೆತ. ಎಲ್ಲರೂ ಅವರನ್ನು ಭಾಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಾತು ಬಹಳ ಕಡಿಮೆ. ಬಸ್ಸಿನ ಟಾಪಿನ ಮೇಲೆ ಪೆಟ್ಟಿಗೆ ಹಾಕಿದರೆ ಅವರೂ ಅದರ ಪಕ್ಕ ಹತ್ತಿ ಕೂರುತ್ತಿದ್ದರು. ‘ಕೆಳಗೆ ಬನ್ನಿ ಭಾಯಿ, ಬಿಸಿಲು’ ಅಂದರೆ, ‘ಸಾಮಾನು ಒಂದೇ ಬಿಡಬಾರ್ದು ಟೀಚರಮ್ಮ’ ಅನ್ನುತ್ತಿದ್ದರು.

ಹಾಗೆ ಆ ಚಳಿಗಾಲವಿಡೀ ತಿರುಗಿದೆವು. ಸೊಗಡವರೆಯ ಕಾಲ. ಯಾವ ಊರಿಗೆ ಹೋದರೂ ಅವರೆಕಾಳಿನ ಸಾರು, ಮುದ್ದೆ. ಕೈವಾರದಲ್ಲಿ ಯಾತ್ರಿಕರೂ ಮಕ್ಕಳ ಜೊತೆ ಸಾಲು ನಿಂತು ಚಿತ್ರ ನೋಡಿದರು. ಒಬ್ಬಾಕೆ ಜಾವಾದ ಕಲ್ಲಿನ ಸ್ತೂಪಕ್ಕೆ ಕೈಮುಗಿದು, ಪಕ್ಕದ ಘೇಂಡಾಮೃಗಕ್ಕೂ ಕೈಮುಗಿದು ಮುಂದೆ ಹೋದರು. ನಾನು ಉದ್ದನೆ ಕೋಲು ಹಿಡಿದು, ಕನ್ನಡದ ಚೀಟಿಯಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದೆ. ಇದು ಸಿಲೋನಿನ ಆನೆಗಳ ಕಾಡು. ಇದು ಕಾಂಬೋಡಿಯಾದಲ್ಲಿ ಮರದ ಬೇರು ತಬ್ಬಿಕೊಂಡಿರುವ ಗುಡಿ. ಓದುವುದು ಬಿಟ್ಟರೆ ನನಗೆ ಇನ್ನೇನೂ ಗೊತ್ತಿರಲಿಲ್ಲ. ಬೆಂಗಳೂರು ದಾಟಿ ಹೋದವಳೇ ಅಲ್ಲ ನಾನು.

ಗೌರಿಬಿದನೂರು ತಾಲ್ಲೂಕಿನಲ್ಲಿ, ನಗರಗೆರೆ ಕಡೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಒಂದು ಹಳ್ಳಿಗೆ ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಬಸ್ಸು ಎರಡು ಮೈಲಿ ಆಚೆಯೇ ನಿಲ್ಲುತ್ತಿತ್ತು. ಅಲ್ಲಿಂದ ಎತ್ತಿನ ಗಾಡಿ. ಊರು ಇನ್ನೂ ಕಾಣುವ ಮೊದಲೇ ಒಂದು ಗಲಾಟೆ ಕೇಳಿಸಿತು. ನೂರಾರು ಜನ ಒಟ್ಟಿಗೆ ಕೀರಲು ದನಿಯಲ್ಲಿ ಜಗಳವಾಡುವ ಹಾಗೆ. ಗಾಡಿಯವನು ನಗುತ್ತ, ‘ಬಾವಲಿಗಳು ಕಣಮ್ಮ’ ಅಂದ.

ಊರ ಬಾಗಿಲಲ್ಲಿ ಹುಣಸೆ ತೋಪು. ಇಪ್ಪತ್ತಿಪ್ಪತ್ತೈದು ಮರ ಇದ್ದಿರಬಹುದು, ಮೂವರು ಕೈಹಿಡಿದರೂ ತಬ್ಬಲಾಗದಂಥವು. ಒಂದೊಂದು ಕೊಂಬೆಯಲ್ಲೂ ಒಣಹಾಕಿದ ಕರೀ ಬಟ್ಟೆಯ ಹಾಗೆ ಬಾವಲಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಕೆಲವು ರೆಕ್ಕೆ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದವು. ಮರಗಳ ಬುಡದಲ್ಲಿ ಸಾಲಾಗಿ ವೀರಗಲ್ಲುಗಳು. ಕತ್ತಿ ಹಿಡಿದವರು, ಕುದುರೆ ಏರಿದವರು. ಎಲ್ಲರ ಹಣೆಗೂ ಅರಿಶಿನ ಕುಂಕುಮ.

ಆ ಮರಗಳ ಮೇಲೆ ಟಾರಿನಲ್ಲಿ ನಂಬರು ಬರೆದಿರುವುದನ್ನೂ ನೋಡಿದೆ. ಅದು ಯಾಕೆಂದು ಆಗ ಹೊಳೆಯಲಿಲ್ಲ.

ಶಾಲೆಗೆ ಇದ್ದದ್ದು ಒಂದೇ ಕೋಣೆ. ಹಾಗಾಗಿ ಹೊರಗೆ, ಗೋಡೆಗೆ ಚಿತ್ರಗಳನ್ನು ಒರಗಿಸಿಟ್ಟೆವು. ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಸೇರಿದರು. ನಾನು ಯಥಾಪ್ರಕಾರ ಓದುತ್ತ ಹೋದೆ. ‘ಇದು ಬರ್ಮಾ ದೇಶದ ಪುರಾತನ ದೇವಾಲಯಗಳ ಬಯಲು. ಇದನ್ನು ಆ ದೇಶದವರು ಸಂರಕ್ಷಿಸಿದ್ದಾರೆ.’

ಮುಂದೆ ಕುಳಿತಿದ್ದ ಒಬ್ಬ ಮುದುಕಿ ಕೇಳಿದಳು: ‘ಯಾರಿಂದ?’

‘ಏನು ಅಜ್ಜಿ?’

‘ಕಾಪಾಡ್ತಾರೆ ಅಂತೀಯಲ್ಲ ತಲ್ಲೀ, ಯಾರಿಂದ ಕಾಪಾಡ್ತಾರೆ?’

ಚೀಟಿಯಲ್ಲಿ ಅದು ಇರಲಿಲ್ಲ. ನಾನು ಚೀಟಿಯನ್ನು ತಿರುಗಿಸಿ ನೋಡಿದೆ. ಆಗ ಪೆಟ್ಟಿಗೆಯ ಪಕ್ಕದಲ್ಲಿದ್ದ ಭಾಯಿ ಎದ್ದು ಮುಂದೆ ಬಂದರು. ಮೂರು ತಿಂಗಳಲ್ಲಿ ಮೊದಲ ಸಲ.

‘ನಮ್ಮಂಥವರಿಂದ ಅಮ್ಮ’ ಅಂದರು. ‘ನಾನು ಈ ಜಾಗಕ್ಕೆ ಹೋಗಿದ್ದೆ.’

ನನಗೇ ಗೊತ್ತಿರಲಿಲ್ಲ. ದೊಡ್ಡ ಯುದ್ಧದ ಕಾಲದಲ್ಲಿ ಅವರು ಸೈನ್ಯದಲ್ಲಿ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಸೇರಿ ಬರ್ಮಾಕ್ಕೆ ಹೋಗಿದ್ದರಂತೆ. ಕಾಲಿನ ಎಳೆತವೂ ಅಲ್ಲಿಯದೇ. ಚಿತ್ರದ ಮೇಲೆ ಬೆರಳಿಟ್ಟು ಹೇಳಿದರು: ‘ಇಲ್ಲಿ ದೊಡ್ಡ ಹೊಳೆ. ಚಿತ್ರದಲ್ಲಿ ಕಾಣಲ್ಲ. ಅದು ದಾಟಿ ಬಂದ್ವಿ. ನಮ್ಮ ಕಡೆ ಹೊಲದಲ್ಲಿ ಹುತ್ತ ಇರೋ ಹಂಗೆ ಅಲ್ಲಿ ಗುಡಿಗಳು. ನೋಡಿದ ಕಡೆ ಎಲ್ಲಾ ಗುಡಿ. ಒಂದರ ಬಾಗಿಲಲ್ಲಿ ಅಡಿಗೆ ಹೂಡಿದ್ವಿ. ಸೌದೆ ಇರ್ಲಿಲ್ಲ. ಅಂಗಳದಲ್ಲಿ ಒಂದು ಹಳೇ ಮರ ಇತ್ತು, ಕಡಿದ್ವಿ. ನಾನೂ ಕಡಿದೆ. ಒಬ್ಬ ಮುದುಕ ಸನ್ಯಾಸಿ ಬಂದು ನೋಡಿದ. ಏನೂ ಅನ್ಲಿಲ್ಲ. ಒಳಗೆ ಹೋಗಿ ಒಂದು ಮಡಕೆ ನೀರು ತಂದು ನಮ್ಮ ಮುಂದೆ ಇಟ್ಟು ಹೋದ.’

ಚಿತ್ರದ ಮೇಲಿಂದ ಬೆರಳು ತೆಗೆದು, ‘ಬೈದಿದ್ರೆ ಮರ್ತುಬಿಡ್ತಿದ್ದೆ’ ಅಂದರು.

ಆಮೇಲೆ ಆ ಮುದುಕಿ ಎದ್ದು, ಅವರ ಕೈ ಹಿಡಿದುಕೊಂಡೇ, ‘ಹಂಗಾದ್ರೆ ಬಾ, ನಮ್ಮದೂ ನೋಡು’ ಎಂದು ತೋಪಿಗೆ ಕರೆದುಕೊಂಡು ಹೋದಳು. ನಾನೂ ಹಿಂದೆ ಹೋದೆ.

ಆಕೆ ಊರಿನ ಸೂಲಗಿತ್ತಿ. ಅಲ್ಲಿದ್ದ ಅರ್ಧ ಜನರನ್ನು ಹೊರಗೆ ತಂದವಳು ತಾನೇ ಎಂದು ನಗುತ್ತ ಹೇಳಿಕೊಂಡಳು. ಎಪ್ಪತ್ತು ದಾಟಿದ್ದಳು, ಬೆನ್ನು ಮಾತ್ರ ನೆಟ್ಟಗೆ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ತೋಪಿನ ಕಥೆ ಹೇಳಿದಳು. ಆಕೆ ಚಿಕ್ಕ ಹುಡುಗಿಯಾಗಿದ್ದಾಗ ಊರಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ತಿಂಗಳುಗಟ್ಟಲೆ ಊರಲ್ಲಿ ನರಪಿಳ್ಳೆ ಇಲ್ಲ. ತಿರುಗಿ ಬಂದು ನೋಡಿದರೆ ಹುಣಸೆ ಮರಗಳ ತುಂಬ ಬಾವಲಿ. ‘ನಾವು ಇಲ್ದಿದ್ದಾಗ ಊರು ಕಾದಿದ್ದು ಇವೇ. ಅದಕ್ಕೇ ಇವತ್ತಿಗೂ ನಾವು ದೀಪಾವಳಿಗೆ ಪಟಾಕಿ ಹೊಡೆಯಲ್ಲ. ಕಲ್ಲೆಸೆದ ಹುಡುಗರ ಕಿವಿ ನಾನೇ ಹಿಂಡ್ತೀನಿ.’

ಆಮೇಲೆ ಟಾರಿನ ನಂಬರಿನ ಮೇಲೆ ಕೈಯಾಡಿಸಿದಳು. ಮರಗಳು ಸರ್ಕಾರದವು. ಇಟ್ಟಿಗೆ ಗೂಡಿನ ಸೌದೆಗೆಂದು ಹರಾಜಾಗಿವೆ. ದಾರಿಯೂ ಅಗಲವಾಗುತ್ತದಂತೆ. ಹುಣಸೆಹಣ್ಣು ಬಡಿದು ಮುಗಿದ ಮೇಲೆ ಕೊಡಲಿ ಬೀಳುತ್ತದೆ.

‘ಊರಿನವರು ಏನಂತಾರೆ?’ ಭಾಯಿ ಕೇಳಿದರು.

‘ಪಟೇಲಪ್ಪ ಸರ್ಕಾರದ ಮರ, ನಮಗ್ಯಾಕೆ ಅಂತಾನೆ. ಸೀಬೆ ತೋಟ ಇಟ್ಟೋರು ಬಾವಲಿ ಹೋದ್ರೆ ಸಾಕು ಅಂತಾರೆ. ಹೆಂಗಸರು ಬೇಡ ಅಂತಾರೆ. ಹೆಂಗಸರ ಮಾತು ಯಾರು ಬರ್ಕೊಂತಾರೆ?’

ನಾನು ಬರೆದುಕೊಂಡೆ. ಅಲ್ಲೇ ವೀರಗಲ್ಲಿನ ಪಕ್ಕ ಕೂತು ಒಂದು ಅರ್ಜಿ ಬರೆದು, ಹೆಂಗಸರೆಲ್ಲರ ಹೆಬ್ಬೆಟ್ಟು ಹಾಕಿಸಿದೆ. ಬರೆದು ಮುಗಿಸಿದಾಗ ನನಗೆ ಏನೋ ದೊಡ್ಡ ಕೆಲಸ ಮಾಡಿದ ಹಿಗ್ಗು. ಗಾಡಿ ಹತ್ತಿದ ಮೇಲೆ ಭಾಯಿ ಮೆಲ್ಲಗೆ ಹೇಳಿದರು: ‘ನಾನು ಕಚೇರೀಲಿ ಹದಿನೈದು ವರ್ಷದಿಂದ ಇದೀನಿ ಟೀಚರಮ್ಮ. ಅರ್ಜಿ ಎಲ್ಲಿಗೆ ಹೋಗುತ್ತೆ ನಂಗೊತ್ತು. ಪಟ ಇದ್ರೆ ಜನ ನಿಂತು ನೋಡ್ತಾರೆ. ನೋಡಿದ್ರಲ್ಲ ನೀವೇ, ಎಲ್ಲಾ ಊರಲ್ಲೂ.’

ಗೌರಿಬಿದನೂರಿನಲ್ಲಿ ಒಂದೇ ಒಂದು ಸ್ಟುಡಿಯೋ ನನಗೆ ಗೊತ್ತಿದ್ದದ್ದು. ಫೋಟೋದವರು ಮದುವೆ ಸೀಸನ್ ಅಂತ ಮೊದಲು ಗೊಣಗಿದರು. ಭಾಯಿ ಬಾವಲಿಗಳ ವರ್ಣನೆ ಮಾಡಿದ ಮೇಲೆ ಅವರಿಗೇ ಆಸೆ ಹುಟ್ಟಿತು. ಮುಂದಿನ ಭಾನುವಾರ ಸೈಕಲ್ಲಿಗೆ ಮೂರು ಕಾಲಿನ ಸ್ಟ್ಯಾಂಡು ಕಟ್ಟಿಕೊಂಡು ಹಳ್ಳಿಗೆ ಬಂದರು. ನಿಂತುಕೊಂಡು ಮೇಲೆ ನೋಡಿ ತೆಗೆದರೆ ಬರೀ ಕರೀ ಮಚ್ಚೆ ಬರುತ್ತದೆ ಎಂದು ಯಾರದೋ ಮನೆಯಿಂದ ಹಗ್ಗದ ಮಂಚ ತರಿಸಿ, ಅದರ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡರು. ಬಾವಲಿಗಳು ತಮ್ಮ ಕೆಲಸ ಮಾಡಿದವು. ಅವರ ಅಂಗಿಯ ಮೇಲೆ ಬಿದ್ದದ್ದನ್ನು ನೋಡಿ ಊರಿಗೆ ಊರೇ ನಕ್ಕಿತು. ಅವರು ಮುಖ ಮಾತ್ರ ಕರ್ಚೀಫಿನಿಂದ ಒರೆಸಿಕೊಂಡು ಮತ್ತೆ ಕ್ಲಿಕ್ ಮಾಡಿದರು.

ಕೊನೆಯ ಫೋಟೋಕ್ಕೆ ಮುದುಕಿ ತಾನೂ ನಿಲ್ಲುತ್ತೇನೆ ಎಂದಳು. ನಾನು ಬೇಡವೆಂದೆ. ‘ಅಜ್ಜಿ, ಬೇರೆ ಯಾವ ಚಿತ್ರದಲ್ಲೂ ಮನುಷ್ಯರಿಲ್ಲ.’

‘ಅಲ್ಲಿ ಕಾಯೋರು ಎಲ್ಲಿ ಹೋಗಿದ್ರೋ ನಂಗೊತ್ತಿಲ್ಲ. ಇಲ್ಲಿ ನಾನಿದೀನಿ’ ಎಂದು ಸೆರಗು ಸರಿಮಾಡಿಕೊಂಡು, ಕುದುರೆ ಏರಿದ ವೀರನ ಪಕ್ಕ ಬಂದು ನಿಂತಳು. ಅದೇ ಚೆನ್ನಾಗಿ ಬಂತು. ಮೇಲೆ ಬಾವಲಿಗಳು ತೂಗುವ ಕೊಂಬೆ, ಕೆಳಗೆ ಕಲ್ಲಿನ ಕುದುರೆ, ನಡುವೆ ಆಕೆ.

ಫೋಟೋದವರು ಅದನ್ನು ತಮಗೆ ಸಾಧ್ಯವಾದಷ್ಟು ದೊಡ್ಡದಾಗಿ ಪ್ರಿಂಟು ಹಾಕಿಕೊಟ್ಟರು. ಪೆಟ್ಟಿಗೆಯಲ್ಲಿದ್ದ ಅಳತೆಯದೇ ರಟ್ಟು ಕತ್ತರಿಸಿ ಭಾಯಿ ಅಂಟಿಸಿದರು. ಗೋಂದು ಅವರೇ ಮನೆಯಲ್ಲಿ ಕುದಿಸಿ ತಂದಿದ್ದರು. ಕೆಳಗಿನ ಚೀಟಿ ನಾನು ಬರೆದೆ: ‘ಇಂಡಿಯಾ. ಗೌರಿಬಿದನೂರು ತಾಲ್ಲೂಕು. ಊರಿನವರು ಕಾಪಾಡಿದ ಬಾವಲಿ ತೋಪು ಮತ್ತು ವೀರಗಲ್ಲುಗಳು.’ ಅಸ್ಸಾಮಿನ ಘೇಂಡಾಮೃಗಕ್ಕೂ ಬರ್ಮಾದ ಬಯಲಿಗೂ ನಡುವೆ ಅದನ್ನು ಸೇರಿಸಿದೆವು. ಇದಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ.

ಚಿಕ್ಕಬಳ್ಳಾಪುರದ ಪ್ರದರ್ಶನ ಹೈಸ್ಕೂಲಿನ ಹಾಲಿನಲ್ಲಿ. ಬಾಗಿಲಿಗೆ ಮಾವಿನ ತೋರಣ, ಅತಿಥಿಗಳಿಗೆ ನಂದಿ ಕಡೆಯಿಂದ ತರಿಸಿದ ಗುಲಾಬಿ. ಉದ್ಘಾಟನೆಗೆ ಬಂದವರು ರೆವಿನ್ಯೂ ಇಲಾಖೆಯ ದೊಡ್ಡ ಅಧಿಕಾರಿ. ಎತ್ತರದ ಮನುಷ್ಯ, ಕೈ ಹಿಂದೆ ಕಟ್ಟಿಕೊಂಡು ನಿಧಾನವಾಗಿ ಒಂದೊಂದೇ ಚಿತ್ರ ನೋಡುತ್ತ ಬಂದರು. ನಾನು ಕೋಲು ಹಿಡಿದು ಪಕ್ಕದಲ್ಲಿ. ನಮ್ಮ ಚಿತ್ರದ ಮುಂದೆ ಅವರು ನಿಂತೇಬಿಟ್ಟರು.

‘ಇದರಲ್ಲಿ ಮಾತ್ರ ಮನುಷ್ಯರಿದ್ದಾರೆ’ ಅಂದರು. ಚೀಟಿ ಓದಿದರು. ಇನ್ನೊಮ್ಮೆ ಓದಿದರು. ‘ಗೌರಿಬಿದನೂರು ಅಂದ್ರೆ ನಮ್ಮ ಗೌರಿಬಿದನೂರೇ? ಇಷ್ಟು ಹತ್ತಿರದಲ್ಲಿ ಇಂಥ ಜಾಗ ಇದೆ ಅಂತ ನನಗೆ ಯಾರೂ ಹೇಳೇ ಇಲ್ಲ.’

‘ಅದು ಹರಾಜಾಗಿದೆ ಸಾರ್. ಮರ ಕಡೀತಾರೆ’ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ನನ್ನ ಮುಖ ನೋಡಿದರು.

ಅಷ್ಟರಲ್ಲಿ ಅವರ ಜೊತೆ ಬಂದಿದ್ದ ನಮ್ಮ ಕಚೇರಿಯ ಹಿರಿಯರೊಬ್ಬರು ಕೈಯಲ್ಲಿದ್ದ ಪಟ್ಟಿ ತಿರುವಿ, ಈ ಚಿತ್ರ ಪಟ್ಟಿಯಲ್ಲಿ ಇಲ್ಲವೆಂದು ಕಂಡುಹಿಡಿದರು. ‘ಇದನ್ನ ಯಾರು ಸೇರಿಸಿದ್ದು? ನಾಲ್ಕಾರು ದೇಶದವರು ಸೇರಿ ಮಾಡಿದ ಪೆಟ್ಟಿಗೆ ಇದು. ಅದಕ್ಕೆ ಕೈಹಾಕೋಕೆ ಯಾರು ಹೇಳಿದ್ರು?’

ನಾನು ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಹಿಂದಿನಿಂದ ಭಾಯಿಯ ದನಿ ಬಂತು.

‘ನಾನೇ ಅಂಟಿಸಿದ್ದು ಸಾರ್. ಟೀಚರಮ್ಮಂಗೆ ಗೊತ್ತಿಲ್ಲ.’

ಮೊದಲ ಮಾತು ನಿಜ, ಎರಡನೆಯದು ಸುಳ್ಳು. ಅದು ಸುಳ್ಳೆಂದು ಹೇಳಬೇಕಾಗಿದ್ದವಳು ನಾನು. ಹೇಳಲಿಲ್ಲ. ಅಷ್ಟು ಜನರ ಮುಂದೆ, ಹೊಸ ಕೆಲಸ, ಮನೆಯಲ್ಲಿ ನನ್ನ ಸಂಬಳ ನಂಬಿಕೊಂಡಿರುವ ತಂಗಿಯರು. ಹೀಗೆಲ್ಲ ಆಮೇಲೆ ಕಾರಣ ಕೊಟ್ಟುಕೊಂಡೆ. ಆ ಗಳಿಗೆಯಲ್ಲಿ ಹೆದರಿದ್ದೆ, ಅಷ್ಟೇ. ಹಿರಿಯರು ಭಾಯಿಯನ್ನು ಎಲ್ಲರೆದುರು ಬೈದರು. ಭಾಯಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ತಲೆತಗ್ಗಿಸಿ ನಿಂತರು. ಎತ್ತರದ ಅಧಿಕಾರಿ ಮುಂದಿನ ಚಿತ್ರಕ್ಕೆ ಹೋದರು.

ವಾಪಸು ರೈಲಿನಲ್ಲಿ ನಾನು ಕಿಟಕಿಗೆ ಮುಖ ಮಾಡಿ ಕೂತಿದ್ದೆ. ಅಳುತ್ತಿದ್ದುದು ಭಾಯಿಗೆ ಕಂಡಿರಬೇಕು.

‘ನಿಮ್ಮ ಸರ್ವಿಸು ಇನ್ನೂ ಮೂವತ್ತು ವರ್ಷ ಇದೆ’ ಅಂದರು. ‘ನನ್ನದು ಮೂರು ತಿಂಗಳು. ಬೈಗುಳ ತಿನ್ನೋಕೆ ಯಾರು ಬೆಸ್ಟು, ನೀವೇ ಹೇಳಿ.’

‘ನಾನು ಹೇಳ್ಬೇಕಿತ್ತು ಭಾಯಿ.’

‘ಹೇಳ್ಬೇಕಿತ್ತು’ ಅಂದರು ಅವರು. ಸಮಾಧಾನ ಮಾಡಲು ಇಲ್ಲ ಅನ್ನಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ ಇನ್ನೂ ಹೆಚ್ಚಾಯಿತು.

ಮಾರನೆಯ ದಿನ ಶಾಲೆಗೆ ಹೋದವಳೇ ಕಚೇರಿಗೆ ಕಾಗದ ಬರೆದೆ. ಚಿತ್ರ ಮಾಡಿಸಿದ್ದು ನಾನು, ಚೀಟಿಯ ಕೈಬರಹ ನನ್ನದು, ಜವಾನರ ತಪ್ಪು ಏನೂ ಇಲ್ಲ ಎಂದು. ಹೆಡ್‌ಮಿಸ್ ಓದಿ, ‘ಕಳಿಸಲೇಬೇಕಾ?’ ಅಂತ ಕೇಳಿದರು. ಕಳಿಸಲೇಬೇಕು ಅಂದೆ. ನನಗೊಂದು ಎಚ್ಚರಿಕೆಯ ಕಾಗದ ಬಂತು. ಭಾಯಿಗೆ ಮತ್ತೇನೂ ಆಗಲಿಲ್ಲ.

ಎರಡು ವಾರ ಕಳೆದಿತ್ತು. ಆ ಅಧಿಕಾರಿ ಯಾರಿಗೂ ಹೇಳದೆ ಜೀಪಿನಲ್ಲಿ ಆ ಹಳ್ಳಿಗೆ ಹೋಗಿದ್ದರೆಂದು ಗೌರಿಬಿದನೂರಿನ ಫೋಟೋದವರಿಂದ ಸುದ್ದಿ ಬಂತು. ಮುದುಕಿ ಅವರಿಗೆ ಮರದ ಕೆಳಗೇ ಕುರ್ಚಿ ಹಾಕಿಸಿ, ಮಜ್ಜಿಗೆ ಕೊಟ್ಟು, ಪ್ಲೇಗಿನ ಕಥೆ ಮೊದಲಿಂದ ಹೇಳಿದಳಂತೆ. ಹೊರಡಲು ಎದ್ದವರನ್ನು, ‘ಹೊತ್ತು ಮುಳುಗೋವರೆಗೂ ಕೂರಪ್ಪ, ಇವು ಕೆಲಸಕ್ಕೆ ಹೋಗೋದು ನೋಡು’ ಎಂದು ಕೂರಿಸಿದಳಂತೆ. ಅವರು ಕೂತರಂತೆ. ಸೂರ್ಯ ಇಳಿದ ಮೇಲೆ ಬಾವಲಿಗಳು ಒಂದೊಂದಾಗಿ, ಆಮೇಲೆ ಹಿಂಡು ಹಿಂಡಾಗಿ, ಹೊಗೆ ಎದ್ದ ಹಾಗೆ ಆಂಧ್ರದ ಕಡೆ ಹಾರಿದವು. ಅಲ್ಲಿ ಗಡಿಕಲ್ಲು ಇದೆ, ಈಚೆ ಮೈಸೂರು, ಆಚೆ ಆಂಧ್ರ. ‘ಅವಕ್ಕೆ ಯಾವ ಗಡಿಕಲ್ಲು?’ ಎಂದು ಅಧಿಕಾರಿಯೇ ಅಂದರೆಂದು ಫೋಟೋದವರು ಹೇಳಿದರು. ನಿಜವೋ, ಅವರು ಸೇರಿಸಿದ್ದೋ, ತಿಳಿಯದು.

ಆದೇಶ ಬಂದದ್ದು ಬೇಸಿಗೆಯಲ್ಲಿ. ದಾರಿಯ ಅಂಚಿನ ನಾಲ್ಕು ಮರ ಹೋಗುತ್ತವೆ, ಉಳಿದವು ಇರುತ್ತವೆ. ಆ ನಾಲ್ಕನ್ನು ಕಡಿಯುವ ದಿನ ನಾನು ಅಲ್ಲಿರಲಿಲ್ಲ. ಬಾವಲಿಗಳು ಮಟಮಟ ಮಧ್ಯಾಹ್ನ ಎದ್ದು ಊರ ಮೇಲೆ ಕಪ್ಪಾಗಿ ಕವಿದುಕೊಂಡು ಸುತ್ತಿದವಂತೆ. ಮುದುಕಿ ಆ ದಿನ ಊಟ ಮಾಡಲಿಲ್ಲವಂತೆ. ಸಂಜೆಯ ಹೊತ್ತಿಗೆ ಅವು ಒಳಗಿನ ಮರಗಳಲ್ಲಿ ಒತ್ತೊತ್ತಾಗಿ ಜಾಗ ಮಾಡಿಕೊಂಡವು. ವೀರಗಲ್ಲುಗಳು ಒಂದೂ ಅಲುಗಲಿಲ್ಲ.

ಪೆಟ್ಟಿಗೆ ಬೇರೆ ಜಿಲ್ಲೆಗೆ ಹೋಯಿತು. ನಮ್ಮ ಚಿತ್ರವನ್ನು ಅದರಿಂದ ತೆಗೆದರೋ ಬಿಟ್ಟರೋ ಗೊತ್ತಾಗಲಿಲ್ಲ. ಭಾಯಿ ನಿವೃತ್ತರಾದರು. ಅವರ ಮನೆಯಲ್ಲಿ ರೇಷ್ಮೆ ಬಿಚ್ಚುವ ಕೆಲಸ ನಡೆಯುತ್ತಿತ್ತು. ಶಾಲೆ ಬಿಟ್ಟ ಮೇಲೆ ರೈಲಿಗೆ ಹೊತ್ತಿದ್ದರೆ ಒಂದೊಂದು ದಿನ ಹೋಗುತ್ತಿದ್ದೆ. ಗೂಡು ಬೇಯುವ ವಾಸನೆಯ ನಡುವೆ ಅವರ ಹೆಂಡತಿ ಚಹಾ ಕೊಡುತ್ತಿದ್ದರು. ಭಾಯಿ ಬರ್ಮಾದ ಹೊಳೆ, ಮಳೆ, ತಮ್ಮ ಹೇಸರಗತ್ತೆಗಳ ಗುಣಸ್ವಭಾವ ಹೇಳುತ್ತಿದ್ದರು. ನಾನು ಓದಿದ ಭೂಗೋಳದ ಪುಸ್ತಕಗಳಲ್ಲಿ ಯಾವುದರಲ್ಲೂ ಅವು ಇರಲಿಲ್ಲ. ನಾಲ್ಕೈದು ವರ್ಷ ಇದ್ದರು. ಅವರು ತೀರಿಕೊಂಡಾಗ ನಾನು ಗೌರಿಬಿದನೂರಿನಲ್ಲಿದ್ದೆ. ಸುದ್ದಿ ತಡವಾಗಿ ತಿಳಿಯಿತು.

ಗೌರಿಬಿದನೂರಿಗೆ ಹೋದದ್ದು ಮದುವೆಯಾಗಿ. ನನ್ನ ಗಂಡ ಅಲ್ಲಿನ ಅಂಚೆ ಕಚೇರಿಯಲ್ಲಿದ್ದರು, ಬಹಳ ನೀಟು ಮನುಷ್ಯ, ಬಿಳೀ ಅಂಗಿ ಬಿಟ್ಟು ಬೇರೆ ಹಾಕಿದವರಲ್ಲ. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಅವರನ್ನು ಆ ಹಳ್ಳಿಗೆ ಕರೆದೊಯ್ದೆ. ಆಗ ಬಸ್ಸು ಊರವರೆಗೂ ಹೋಗುತ್ತಿತ್ತು. ಮುದುಕಿಗೆ ಕಣ್ಣು ಮಂಜಾಗಿತ್ತು. ನನ್ನ ಮುಖ ಸವರಿ ಗುರುತು ಹಿಡಿದಳು. ಊಟಕ್ಕೆ ತೋಪಿನಲ್ಲೇ ಚಾಪೆ ಹಾಸಿದಳು. ನನ್ನ ಗಂಡ ಮೇಲೆ ನೋಡಿದರು, ತಮ್ಮ ಅಂಗಿ ನೋಡಿಕೊಂಡರು, ಮೆಲ್ಲನೆ ಕೊಡೆ ಬಿಚ್ಚಿದರು. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಮುದ್ದೆ.

‘ಮಳೆ ಬರ್ತಾ ಇದ್ಯಾ?’ ಮುದುಕಿ ಕೇಳಿದಳು.

‘ಇಲ್ಲ ಅಜ್ಜಿ, ಬಿಸಿಲು’ ಅಂದರು ಅವರು, ಸಂಕೋಚದಿಂದ.

ಆಕೆ ಕೈ ಚಾಚಿ ಕೊಡೆಯ ಅಂಚು ಮುಟ್ಟಿ ನೋಡಿ ತಿಳಿದುಕೊಂಡಳು. ಏನೂ ಅನ್ನದೆ ಅವರ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.